ತಾಲೂಕು ಠಾಣೆಗೂ ಬೇಕು ರಕ್ಷಣಾ ತಂಡ



ನಿಮ್ಮ ತಾಲೂಕಿನ ಅಗ್ನಿಶಾಮಕ ಠಾಣೆಯ ಫಲಕವನ್ನು ಎಂದಾದರೂ ಪೂರ್ತಿಯಾಗಿ ಓದಿದ್ದೀರಾ? ಇಲಾಖೆಯ ಹೆಸರು ‘ಅಗ್ನಿಶಾಮಕ ಮತ್ತು ತುರ್ತು ಸೇವೆಗಳು’ ಎಂದು. ನಾವು ಓದುವುದು ಮೊದಲ ಪದವನ್ನಷ್ಟೇ. ಬೆಂಕಿ ಬಿದ್ದರೆ ಕರೆಯಬೇಕಾದವರು ಎಂಬಲ್ಲಿಗೆ ನಮ್ಮ ತಿಳಿವಳಿಕೆ ನಿಲ್ಲುತ್ತದೆ. 1964ರಲ್ಲಿ ಅಗ್ನಿಶಾಮಕ ದಳದ ಅಧಿನಿಯಮ ಬಂದಾಗ ನಮ್ಮದಿನ್ನೂ ಮೈಸೂರು ರಾಜ್ಯ. ಆಗ ಅದು ಬೆಂಕಿಯ ದಳವೇ ಆಗಿತ್ತು. ‘ತುರ್ತು ಸೇವೆಗಳು’ ಎಂಬ ಮಾತು ಅನಂತರ ಸೇರಿದ್ದು. ವ್ಯಾಕರಣ ಕಲಿಸುವವನ ಹಳೆಯ ಚಾಳಿ ನನ್ನದು. ಹೆಸರಿಗೆ ಒಂದು ಪದ ಸೇರಿಸಿದರೆ ಅದಕ್ಕೆ ತಕ್ಕ ಅರ್ಥವೂ ಅಲ್ಲಿರಬೇಕು ಎನ್ನುವವನು ನಾನು. ಆ ಎರಡನೆಯ ಪದಕ್ಕೆ ನಮ್ಮ ಯಲಬುರ್ಗಾ, ಕುಕನೂರು, ಕುಷ್ಟಗಿ ಸೀಮೆಯಲ್ಲಿ ಎಷ್ಟು ಅರ್ಥವಿದೆ ಎಂಬುದೇ ಈ ಬರಹದ ವಿಷಯ.

ಗ್ರಾಮೀಣ ಠಾಣೆಗೆ ಬರುವ ಕರೆಗಳಲ್ಲಿ ಬಣವೆಗೆ ಬೆಂಕಿ ಬಿದ್ದದ್ದೇ ದೊಡ್ಡ ಪಾಲು ಎಂದು ನಿಮಗೆಲ್ಲ ಗೊತ್ತು. ಸುಗ್ಗಿ ಮುಗಿದ ಮೇಲೆ ಶಿವರಾತ್ರಿಯಿಂದ ಯುಗಾದಿಯವರೆಗೆ ಕೆಂಪು ಗಾಡಿ ಒಂದೂರಿನಿಂದ ಇನ್ನೊಂದೂರಿಗೆ ಓಡುತ್ತಲೇ ಇರುತ್ತದೆ. ಆದರೆ ಅದೇ ಗಾಡಿಯನ್ನು ಎಮ್ಮೆ ಬಾವಿಗೆ ಬಿದ್ದಾಗಲೂ ಕರೆಯುತ್ತೇವೆ; ಲಾರಿ ಗುದ್ದಿ ಚಾಲಕ ಸ್ಟೇರಿಂಗಿನ ಹಿಂದೆ ಸಿಕ್ಕಿಕೊಂಡಾಗಲೂ, ಹಳ್ಳ ಬಂದು ಯಾರೋ ಮರ ಹತ್ತಿ ಕುಳಿತಾಗಲೂ ಕರೆಯುತ್ತೇವೆ. ಇವೆಲ್ಲ ನೀರು ಚಿಮ್ಮಿಸಿ ಮುಗಿಸುವ ಕೆಲಸಗಳಲ್ಲ. ಒಂದೊಂದಕ್ಕೂ ಬೇರೆ ವಿದ್ಯೆ, ಬೇರೆ ಸಾಮಾನು ಬೇಕು.

ನನ್ನ ಮನಸ್ಸಿನಲ್ಲಿ ಮುಖ್ಯವಾಗಿರುವುದು ಕೊಳವೆಬಾವಿ.

ನಮ್ಮದು ಮಳೆ ಕೈಕೊಡುವ ನಾಡು. ಎರೆಹೊಲವಿರಲಿ, ಮಸಾರಿಯಿರಲಿ, ರೈತ ಸಾಲ ಮಾಡಿ ಬೋರು ಹಾಕಿಸುತ್ತಾನೆ. ಐನೂರು ಅಡಿ ಹೋದರೂ ಬರೀ ಧೂಳು ಬಂದರೆ ಅವನ ಕಣ್ಣಲ್ಲೂ ಅದೇ ಧೂಳು. ಹೋದ ಹಣದಲ್ಲಿ ಒಂದಿಷ್ಟಾದರೂ ಉಳಿಯಲಿ ಎಂದು ಕೇಸಿಂಗ್ ಪೈಪು ಕಿತ್ತು ಬೇರೆ ಕಡೆಗೆ ಒಯ್ಯುತ್ತಾನೆ. ಪೈಪು ಇದ್ದಾಗ ಆರೂವರೆ-ಏಳು ಅಂಗುಲವಿದ್ದ ಬಾಯಿ, ಪೈಪು ಕಿತ್ತ ಮೇಲೆ ಇನ್ನೂ ಅಗಲವಾಗಿ, ಅಂಚಿನ ಮಣ್ಣು ಸಡಿಲವಾಗಿ ಉಳಿಯುತ್ತದೆ. ಅದರ ಮೇಲೊಂದು ಗೋಣಿಚೀಲ, ಒಂದು ಕಲ್ಲು, ಇಲ್ಲವೆ ನಾಲ್ಕು ಜಾಲಿಮುಳ್ಳು. ದೊಡ್ಡವರ ಕಾಲಿಗೆ ಅದು ಕುಳಿಯೇ ಅಲ್ಲ. ಎರಡು ವರ್ಷದ ಮಗುವಿನ ಭುಜದ ಅಳತೆಗೆ ಮಾತ್ರ ಸರಿಯಾಗಿ ಹೊಂದುವ ಕುಳಿ ಅದು.

ನಮ್ಮ ಹಿರಿಯರೂ ನೀರಿಗಾಗಿ ನೆಲ ಅಗೆದವರೇ. ನಿಮ್ಮಲ್ಲಿ ಅನೇಕರನ್ನು ಪ್ರವಾಸಕ್ಕೆಂದು ಇಟಗಿಯ ಮಹಾದೇವ ದೇವಾಲಯಕ್ಕೆ ಕರೆದೊಯ್ದಿದ್ದೇನೆ. ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ದಂಡನಾಯಕ ಮಹಾದೇವನು 1112ರಲ್ಲಿ ಕಟ್ಟಿಸಿದ, ಶಾಸನವು ‘ದೇವಾಲಯ ಚಕ್ರವರ್ತಿ’ ಎಂದು ಹೊಗಳಿದ ಗುಡಿ ಅದು. ಗುಡಿಯ ಕಂಬಗಳನ್ನು ಎಣಿಸುವುದರಲ್ಲಿ ನೀವೆಲ್ಲ ಮಗ್ನರಾಗಿರುತ್ತಿದ್ದಿರಿ, ನಾನು ಪುಷ್ಕರಣಿಯ ಹತ್ತಿರ ಕೂಗುತ್ತಾ ನಿಂತಿರುತ್ತಿದ್ದೆ! ಆ ಪುಷ್ಕರಣಿಗೆ ಮೆಟ್ಟಿಲುಗಳಿವೆ. ಒಳಗೆ ಜಾರಿದವನಿಗೆ ಕಾಲಿಡಲು, ಕೈ ಹಿಡಿಯಲು ಎಡೆಯಿದೆ; ಮೇಲಿದ್ದವನಿಗೆ ಕೆಳಗಿನವನು ಕಾಣುತ್ತಾನೆ. ಕೊಳವೆಬಾವಿಯಲ್ಲಿ ಈ ಯಾವುದೂ ಇಲ್ಲ. ತಂದೆಯೇ ಬಾಯಿಯ ಮೇಲೆ ಬಾಗಿ ನಿಂತರೂ ಕತ್ತಲಲ್ಲದೆ ಬೇರೇನೂ ಕಾಣುವುದಿಲ್ಲ. ಮನುಷ್ಯನು ತಾನು ಇಳಿಯಲಾರದ ಬಾವಿಯನ್ನು ತೋಡಲು ಕಲಿತ ಮೇಲೆ, ಅದರಲ್ಲಿ ಬಿದ್ದವರನ್ನು ಎತ್ತುವ ವಿದ್ಯೆಯನ್ನೂ ಹೊಸದಾಗಿ ಕಲಿಯಬೇಕಾಗಿ ಬಂತು.

2006ರ ಜುಲೈ ತಿಂಗಳಲ್ಲಿ ಹರಿಯಾಣದ ಕುರುಕ್ಷೇತ್ರ ಜಿಲ್ಲೆಯ ಹಲ್ದಾಹೇಡಿ ಗ್ರಾಮದ ಬಾಲಕನನ್ನು ಸೇನೆಯ ಯೋಧರು ಪಕ್ಕದ ಬಾವಿಯಿಂದ ಸುರಂಗ ಕೊರೆದು ಹೊರತಂದದ್ದನ್ನು ನಾವೆಲ್ಲ ದೂರದರ್ಶನದ ಮುಂದೆ ಕುಳಿತು ನೋಡಿದ್ದೆವು. ಸುಮಾರು ಐವತ್ತು ಗಂಟೆಗಳ ನಂತರ ಆ ಮಗು ಬದುಕಿ ಬಂದಾಗ ದೇಶವೇ ಸಿಹಿ ಹಂಚಿತು. ಆ ಸಂತೋಷ ನಮ್ಮಲ್ಲೊಂದು ತಪ್ಪು ನಂಬಿಕೆಯನ್ನೂ ಬೆಳೆಸಿತು. ಎಲ್ಲಿಂದಲೋ ದೊಡ್ಡವರು ಬರುತ್ತಾರೆ, ಬಂದು ಎತ್ತುತ್ತಾರೆ ಎಂಬ ನಂಬಿಕೆ ಅದು. ಅನಂತರ ನಮ್ಮ ಸುತ್ತಮುತ್ತಲೇ ಏನಾಯಿತು ನೋಡಿ. 2014ರ ಜೂನ್‌ನಲ್ಲಿ ವಿಜಯಪುರದ ನಾಗಠಾಣ, ನಾಲ್ಕು ವರ್ಷದ ಬಾಲಕಿ. ಅದೇ ವರ್ಷದ ಆಗಸ್ಟ್ 3ರಂದು ಬಾಗಲಕೋಟೆ ಜಿಲ್ಲೆಯ ಸೂಳಿಕೇರಿ, ಆರು ವರ್ಷದ ಬಾಲಕ. 2017ರ ಏಪ್ರಿಲ್ 22ರಂದು ಅಥಣಿ ತಾಲೂಕಿನ ಝುಂಜರವಾಡ, ಆರು ವರ್ಷದ ಬಾಲಕಿ. ಮೂವರೂ ಬದುಕಿ ಬರಲಿಲ್ಲ. ಮೂರೂ ಕಡೆ ಜನ ಕಡಿಮೆಯಿರಲಿಲ್ಲ, ಯಂತ್ರ ಕಡಿಮೆಯಿರಲಿಲ್ಲ, ಅಧಿಕಾರಿಗಳ ಓಡಾಟವೂ ಕಡಿಮೆಯಿರಲಿಲ್ಲ. ಸೂಳಿಕೇರಿಯ ಬಾಲಕ ನೂರಕ್ಕೂ ಹೆಚ್ಚು ಅಡಿ ಆಳಕ್ಕೆ ಜಾರಿದ್ದ. ಅಂಥದಕ್ಕೆ ಯಾರಲ್ಲೂ ಸುಲಭದ ಉತ್ತರವಿಲ್ಲ ಎಂಬುದನ್ನೂ ಒಪ್ಪಬೇಕು.

ಇವುಗಳಿಗೆ ವಿರುದ್ಧವಾಗಿ 2024ರ ಏಪ್ರಿಲ್ 3ರ ಸಂಜೆ ಇಂಡಿ ತಾಲೂಕಿನ ಲಚ್ಯಾಣದಲ್ಲಿ ಎರಡು ವರ್ಷವೂ ತುಂಬದ ಕೂಸು ತಲೆಕೆಳಗಾಗಿ ಕೊಳವೆಬಾವಿಗೆ ಬಿತ್ತು. ಸುಮಾರು ಹದಿನಾರು ಅಡಿ ಆಳದಲ್ಲಿ ಸಿಕ್ಕಿಕೊಂಡಿತು. ಕ್ಯಾಮರಾ ಇಳಿಸಿದಾಗ ಪುಟ್ಟ ಕಾಲುಗಳು ಅಲುಗಾಡುತ್ತಿರುವುದು ಕಂಡಿತು. ಕೊಳವೆಯ ಮೂಲಕ ಆಮ್ಲಜನಕ ಬಿಟ್ಟರು. ಪಕ್ಕದಲ್ಲಿ ಇಪ್ಪತ್ತೊಂದು ಅಡಿಯ ಗುಂಡಿ ತೋಡಿ, ಅಲ್ಲಿಂದ ಅಡ್ಡಲಾಗಿ ಕೊರೆದು, ಮರುದಿನ ಮಧ್ಯಾಹ್ನ, ಸುಮಾರು ಇಪ್ಪತ್ತು ಗಂಟೆಗಳ ನಂತರ ಮಗುವನ್ನು ಜೀವಂತವಾಗಿ ಹೊರತೆಗೆದರು. ಅಗ್ನಿಶಾಮಕ ದಳದವರು, ರಾಜ್ಯ ವಿಪತ್ತು ಸ್ಪಂದನ ಪಡೆಯವರು, ರಾಷ್ಟ್ರೀಯ ಪಡೆಯವರು ಎಲ್ಲರೂ ಅಲ್ಲಿದ್ದರು. ಆ ದಿನ ನಮ್ಮ ಮನೆಯಲ್ಲಿ ಯಾರೂ ಸರಿಯಾಗಿ ಉಂಡಿರಲಿಲ್ಲ. ಸುದ್ದಿ ಬಂದ ಮೇಲೆಯೇ ಊಟ.

ಲಚ್ಯಾಣದ ಗೆಲುವಿನ ಕಾರಣವನ್ನು ಹುಡುಕಿದರೆ ನನಗೆ ಕಾಣುವುದು ಎರಡು. ಒಂದು, ಮಗು ಮೇಲೆಯೇ ಸಿಕ್ಕಿಕೊಂಡಿತ್ತು, ಅದು ದೈವ. ಎರಡನೆಯದು, ವಿಶೇಷ ತಂಡಗಳಿಗಾಗಿ ಕೈಕಟ್ಟಿ ಕೂಡದೆ ಸಂಜೆಯೇ ಅಗೆತ ಆರಂಭವಾಯಿತು. ನಾನು ಹೇಳಹೊರಟಿರುವುದು ಈ ಎರಡನೆಯದರ ಬಗ್ಗೆ.

ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಅಗ್ನಿಶಾಮಕ ಇಲಾಖೆಯಲ್ಲಿದ್ದಾನೆ. ಯಾವ ಠಾಣೆ ಎಂದು ಹೇಳುವುದು ಬೇಡ. ರಜೆಯ ಮೇಲೆ ಬಂದಾಗ ಮನೆಗೆ ಬಂದಿದ್ದ. ಇಂಥ ಕರೆ ಬಂದರೆ ಮೊದಲು ಏನು ಮಾಡುತ್ತೀರಪ್ಪಾ ಎಂದು ಕೇಳಿದೆ. “ಸರ್, ನಾವು ಹೋಗೂದರಾಗ ಊರ ಮಂದಿ ಎಲ್ಲಾ ಬೋರಿನ ಸುತ್ತ ನಿಂತಿರ್ತಾರ್ರೀ. ಮೊದಲ ಅವರನ್ನ ಹಿಂದ ಸರಸೂದೇ ದೊಡ್ಡ ಕೆಲಸ. ಅವರ ಕಾಲಾಗಿನ ಮಣ್ಣೇ ಕೂಸಿನ ಮ್ಯಾಲೆ ಬೀಳತೈತ್ರಿ” ಎಂದ. ಆಮೇಲೆ ಹಾಳೆಯ ಮೇಲೆ ಚಿತ್ರ ಬರೆದು ತೋರಿಸಿದ. ಶಾಲೆಯಲ್ಲಿ ರೇಖಾಗಣಿತ ಎಂದರೆ ಓಡುತ್ತಿದ್ದ ಹುಡುಗ ಎಷ್ಟು ಚೆನ್ನಾಗಿ ಬಿಡಿಸಿದನೆಂದರೆ, ನನಗೆ ಹೆಮ್ಮೆಯೂ ನಗುವೂ ಒಟ್ಟಿಗೇ ಬಂದವು.

ಅವನು ವಿವರಿಸಿದ್ದನ್ನು ನನ್ನ ಮಾತಿನಲ್ಲಿ ಹೇಳುತ್ತೇನೆ. ಬಾವಿಯ ಬಾಯಿಗೆ ಮಣ್ಣು, ಹರಳು ಬೀಳದಂತೆ ಮೊದಲು ಅಂಚನ್ನು ಭದ್ರಪಡಿಸಬೇಕು. ದೀಪವಿರುವ ಕ್ಯಾಮರಾವನ್ನು ಇಳಿಸಿ ಮಗು ಎಷ್ಟು ಆಳದಲ್ಲಿದೆ, ಕೈ ಮೇಲಿದೆಯೋ ಕಾಲು ಮೇಲಿದೆಯೋ ನೋಡಬೇಕು. ಗಾಳಿ ಕೊಡಬೇಕು. ಸಾಧ್ಯವಾದರೆ ಹಗ್ಗದ ಕುಣಿಕೆಯನ್ನು ಮಗುವಿನ ಕೈಗೆ ತೊಡಿಸಿ, ಇನ್ನೂ ಕೆಳಕ್ಕೆ ಜಾರದಂತೆ ತಡೆಯಬೇಕು. ಈ ಕುಣಿಕೆಯಿಂದ ಎಳೆಯುವ ಮೋಹಕ್ಕೆ ಬೀಳಬಾರದು; ಅದು ಹಿಡಿದಿಡಲು ಮಾತ್ರ. ತಾಯಿಯ ಧ್ವನಿ ಮಗುವಿಗೆ ಕೇಳುವಂತೆ ಮಾಡಬೇಕು. ಇಷ್ಟಾದ ಮೇಲೆ ಹತ್ತಾರು ಅಡಿ ದೂರದಲ್ಲಿ ಜೆಸಿಬಿ, ಹಿಟಾಚಿಗಳಿಂದ ಗುಂಡಿ ತೋಡಬೇಕು. ಮಗುವಿಗಿಂತ ಸ್ವಲ್ಪ ಕೆಳಗಿನ ಮಟ್ಟಕ್ಕೆ ಹೋಗಿ, ಅಲ್ಲಿಂದ ಅಡ್ಡ ಸುರಂಗವನ್ನು ಕೈಯಿಂದಲೇ ಅಗೆಯಬೇಕು. ಗುಂಡಿಯ ಗೋಡೆ ಕುಸಿಯದಂತೆ ಆನಿಕೆ ಕೊಡಬೇಕು. ನಡುವೆ ಬಂಡೆ ಬಂದರೆ ಕಷ್ಟ. ಬಂಡೆ ಒಡೆಯುವ ಯಂತ್ರದ ಅದುರಿಗೆ ಮಗು ಇನ್ನಷ್ಟು ಕೆಳಗೆ ಜಾರಬಹುದು. ಅಲ್ಲಿ ಅವಸರಕ್ಕಿಂತ ಸಣ್ಣ ಉಪಕರಣ, ತಾಳ್ಮೆಯ ಕೈ ಬೇಕು.

ಇದರಲ್ಲಿ ಮೊದಲ ಅರ್ಧ ಭಾಗಕ್ಕೆ ಬೆಂಗಳೂರಿನಿಂದ ಯಾರೂ ಬರಬೇಕಾಗಿಲ್ಲ. ಬಂದರೂ ಅವರು ಬರುವ ಹೊತ್ತಿಗೆ ಅದು ನಡೆದಿರಲೇಬೇಕು. ರಾಜ್ಯ ವಿಪತ್ತು ಸ್ಪಂದನ ಪಡೆ ನಮ್ಮಲ್ಲಿ ಅಗ್ನಿಶಾಮಕ ಇಲಾಖೆಯ ಅಡಿಯಲ್ಲೇ ಇದೆ. ಬೆಂಗಳೂರು ಮಾತ್ರವಲ್ಲದೆ ಬೆಳಗಾವಿ, ಕಲಬುರಗಿಗಳಲ್ಲೂ ಅದರ ತುಕಡಿಗಳಿರುವುದು ಒಳ್ಳೆಯ ವ್ಯವಸ್ಥೆಯೇ. 2005ರ ವಿಪತ್ತು ನಿರ್ವಹಣಾ ಕಾಯ್ದೆಯಿಂದ ಹುಟ್ಟಿದ ರಾಷ್ಟ್ರೀಯ ಪಡೆಯವರ ಕೌಶಲವಂತೂ ದೊಡ್ಡದು. ಆದರೆ ಇಟಗಿಯಲ್ಲಿ ನಿಂತು ನೋಡಿದರೆ ಬೆಂಗಳೂರು ಮುನ್ನೂರೈವತ್ತು ಕಿಲೋಮೀಟರಿಗೂ ಆಚೆ. ಬೆಳಗಾವಿ, ಕಲಬುರಗಿಗಳೂ ಗಂಟೆಗಟ್ಟಲೆಯ ದಾರಿ. ಕರೆ ಹೋಗಿ, ಆದೇಶವಾಗಿ, ಸಾಮಾನು ಏರಿ, ಗಾಡಿ ಹೊರಟು ಬರುವಷ್ಟರಲ್ಲಿ ರಾತ್ರಿ ಕಳೆದಿರುತ್ತದೆ. ಆ ರಾತ್ರಿ ಯಾರದು? ತಾಲೂಕು ಠಾಣೆಯ ಐದಾರು ಜನರದು.

ಆದ್ದರಿಂದ ನನ್ನ ವಾದ ಇಷ್ಟೇ: ವಿಶೇಷ ರಕ್ಷಣೆಯ ವಿದ್ಯೆಯನ್ನು ಮಹಾನಗರದಲ್ಲಿ ಕೂಡಿಟ್ಟು ಬೇಕಾದಾಗ ಕಳಿಸಿಕೊಡುವುದು ಸಾಲದು, ಅದರ ಒಂದು ಪಾಲು ತಾಲೂಕು ಠಾಣೆಯಲ್ಲೇ ವಾಸವಾಗಿರಬೇಕು. ಎಲ್ಲ ಸಿಬ್ಬಂದಿಯೂ ಎಲ್ಲವನ್ನೂ ಕಲಿಯಬೇಕೆಂದು ನಾನು ಹೇಳುವುದಿಲ್ಲ. ಪಾಳಿಗೆ ಇಬ್ಬರು-ಮೂವರಾದರೂ ಇದರಲ್ಲಿ ಪಳಗಿದವರಿರಲಿ. ಕ್ಯಾಮರಾ, ಒಳ್ಳೆಯ ಹಗ್ಗಗಳು, ಮುಕ್ಕಾಲಿ ಮತ್ತು ರಾಟೆ, ಉಸಿರಾಟದ ಸಾಧನ, ಆನಿಕೆಯ ಹಲಗೆಗಳು, ಇವು ಠಾಣೆಯಲ್ಲೇ ಇರಲಿ. ಬೆಂಗಳೂರಿನ ಬನ್ನೇರುಘಟ್ಟ ರಸ್ತೆಯಲ್ಲಿ ಆರ್. ಎ. ಮುಂಡ್ಕೂರ್ ಅವರ ಹೆಸರಿನ ಇಲಾಖೆಯ ತರಬೇತಿ ಅಕಾಡೆಮಿ ಇದೆ. ಅಲ್ಲಿ ಕಲಿತದ್ದು ಇಲ್ಲಿ ಮರೆತುಹೋಗದಂತೆ ತಿಂಗಳಿಗೊಮ್ಮೆ ಇಲ್ಲಿಯ ಮಣ್ಣಿನಲ್ಲೇ ಅಭ್ಯಾಸವಾಗಲಿ. ಬಿ.ಎಡ್. ಓದುವಾಗ ನಮಗೆ ಪಾಠದ ಅಭ್ಯಾಸವೆಂದು ನಿಜವಾದ ತರಗತಿಗೇ ಕಳಿಸುತ್ತಿದ್ದರು. ಖಾಲಿ ಬೆಂಚುಗಳಿಗೆ ಪಾಠ ಹೇಳಿ ಯಾರೂ ಮೇಷ್ಟ್ರಾಗಲಿಲ್ಲ.

ಇಲ್ಲಿ ಕೆಲವರು ಒಂದು ಪ್ರಶ್ನೆ ಎತ್ತುತ್ತಾರೆ. ನನ್ನ ಷಡ್ಡಕರೇ ಎತ್ತಿದರು. “ಹತ್ತು ವರುಷಕ್ಕ ಒಮ್ಮೆ ಆಗೂದಕ್ಕ ಎಲ್ಲಾ ತಾಲೂಕಿನಾಗ ಸಾಮಾನು ತಂದಿಟ್ಟರ ತುಕ್ಕು ಹಿಡಿಯೂದಿಲ್ಲೇನ್ರಿ?” ಪ್ರಶ್ನೆ ಸರಿಯಾಗಿಯೇ ಇದೆ. ಉಪಯೋಗಿಸದ ಯಂತ್ರ ಕೆಡುತ್ತದೆ, ಉಪಯೋಗಿಸದ ವಿದ್ಯೆಯೂ ಕೆಡುತ್ತದೆ. ಆದರೆ ಕೊಳವೆಬಾವಿಗೆ ಬೇಕಾದ ಕೌಶಲ ಅದೊಂದಕ್ಕೇ ಮೀಸಲಾದುದಲ್ಲ ಎಂಬುದನ್ನು ಅವರು ಮರೆತರು. ಬಾವಿಗೆ ಬಿದ್ದ ಎಮ್ಮೆಯನ್ನು ಎತ್ತುವಾಗ ಬೇಕಾದುದೂ ಅದೇ ಹಗ್ಗ, ಅದೇ ಗಂಟು, ಅದೇ ಮುಕ್ಕಾಲಿ. ಎತ್ತಿದ ಪ್ರತಿ ಎಮ್ಮೆಯೂ ಒಂದು ಅಭ್ಯಾಸ. ಕುಷ್ಟಗಿ ಕಡೆಯ ಗ್ರಾನೈಟ್ ಕ್ವಾರಿಗಳಲ್ಲಿ ಕಲ್ಲಿನಡಿ ಸಿಕ್ಕವನಿಗೂ, ಗಿಣಿಗೇರಾ ಬದಿಯ ಕಾರ್ಖಾನೆಗಳಲ್ಲಿ ಎತ್ತರದಲ್ಲಿ ಸಿಕ್ಕವನಿಗೂ ಅದೇ ವಿದ್ಯೆ ಬೇಕು. ಈಗ ನಮ್ಮ ಯಲಬುರ್ಗಾ, ಕುಕನೂರು ಸೀಮೆಯ ಹೊಲಗಳಲ್ಲಿ ಗಾಳಿಯಂತ್ರಗಳು ಎದ್ದು ನಿಂತಿವೆ. ಅಷ್ಟೆತ್ತರದಲ್ಲಿ ದುರಸ್ತಿಗೆ ಹೋದವನು ಎಚ್ಚರತಪ್ಪಿ ಬಿದ್ದರೆ ಅವನನ್ನು ಇಳಿಸುವವರು ಯಾರು?

ಹಗೇವಿನ ಮಾತನ್ನೂ ಹೇಳಬೇಕು. ಇಂದಿನ ಹುಡುಗರು ಹಗೇವು ನೋಡಿರಲಿಕ್ಕಿಲ್ಲ. ಜೋಳ ತುಂಬಿಡಲು ನೆಲದೊಳಗೆ ತೋಡಿದ ಕಣಜ ಅದು. ನಾನು ಚಿಕ್ಕವನಿದ್ದಾಗ ನಮ್ಮ ವಾಡೆಯ ಮುಂದೆಯೇ ಒಂದಿತ್ತು. ಬಾಯಿ ತೆರೆದ ಕೂಡಲೇ ಅಜ್ಜ ಯಾರನ್ನೂ ಇಳಿಯಗೊಡುತ್ತಿರಲಿಲ್ಲ. ಬಹಳ ಹೊತ್ತು ಬಿಟ್ಟು, ಹಗ್ಗಕ್ಕೆ ಕಂದೀಲು ಕಟ್ಟಿ ಇಳಿಸಿ ನೋಡುತ್ತಿದ್ದರು. ದೀಪ ಆರಿತೋ, ಅಂದು ಜೋಳ ತೆಗೆಯುವ ಮಾತೇ ಇಲ್ಲ. ಮುಚ್ಚಿಟ್ಟ ಕಾಳು ಉಸಿರಾಡಿ ಒಳಗಿನ ಆಮ್ಲಜನಕವನ್ನು ತಿಂದು ಇಂಗಾಲದ ಡೈಆಕ್ಸೈಡ್ ಬಿಟ್ಟಿರುತ್ತದೆ ಎಂಬ ವಿಜ್ಞಾನ ಅವರಿಗೆ ಗೊತ್ತಿರಲಿಲ್ಲ, ಫಲಿತಾಂಶ ಗೊತ್ತಿತ್ತು. ಇಂದು ಹಗೇವು ಹೋಗಿ ಆ ಜಾಗಕ್ಕೆ ಶೌಚದ ಗುಂಡಿ, ಮ್ಯಾನ್‌ಹೋಲ್, ಡೀಸೆಲ್ ಯಂತ್ರವಿಟ್ಟ ಹಳೆಯ ಬಾವಿ ಬಂದಿವೆ. ಒಬ್ಬ ಇಳಿಯುತ್ತಾನೆ, ಬೀಳುತ್ತಾನೆ. ಅವನನ್ನು ಎತ್ತಲು ಅವನ ತಮ್ಮ ಇಳಿಯುತ್ತಾನೆ. ತಮ್ಮನಿಗಾಗಿ ನೆರೆಯವನು. ಪತ್ರಿಕೆಯಲ್ಲಿ ‘ಮೂವರ ದುರ್ಮರಣ’ ಎಂದು ಬರುವ ಸುದ್ದಿಗಳಲ್ಲಿ ಅನೇಕ ಸಲ ಒಬ್ಬನೇ ಅಪಘಾತಕ್ಕೆ ಸಿಕ್ಕವನು, ಉಳಿದಿಬ್ಬರು ರಕ್ಷಕರು. ಧೈರ್ಯಕ್ಕೆ ನಮ್ಮೂರುಗಳಲ್ಲಿ ಎಂದೂ ಬರಗಾಲವಿಲ್ಲ. ಉಸಿರಾಟದ ಸಾಧನ ಕಟ್ಟಿಕೊಂಡು, ಸೊಂಟಕ್ಕೆ ಹಗ್ಗ ಬಿಗಿದು ಇಳಿಯಬಲ್ಲವನು ಹದಿನೈದು-ಇಪ್ಪತ್ತು ನಿಮಿಷದ ದಾರಿಯಲ್ಲಿರಬೇಕು, ಅಷ್ಟೇ.

ನ್ಯೂಯಾರ್ಕ್ ನಗರದ ಅಗ್ನಿಶಾಮಕ ಇಲಾಖೆ ‘ರೆಸ್ಕ್ಯೂ 1’ ಎಂಬ ವಿಶೇಷ ತಂಡವನ್ನು ಕಟ್ಟಿದ್ದು 1915ರಲ್ಲಿ. ಆ ವರ್ಷದ ಆರಂಭದಲ್ಲಿ ಅಲ್ಲಿಯ ಸುರಂಗ ರೈಲುಮಾರ್ಗದಲ್ಲಿ ಬೆಂಕಿ ಬಿದ್ದು, ನಂದಿಸಲು ಹೋದವರೇ ಹೊಗೆಗೆ ಸಿಕ್ಕಿ ಬಳಲಿದರು. ಹೊಗೆಯಲ್ಲೂ ಉಸಿರಾಡಬಲ್ಲ ಶಿರಸ್ತ್ರಾಣ ಧರಿಸಿದ, ಕಮ್ಮಾರಿಕೆ, ಹಗ್ಗದ ಕೆಲಸ ಬಲ್ಲ ಕೆಲವರು ಬೇರೆಯಾಗಿಯೇ ಬೇಕೆಂದು ಆಗ ಹೊಳೆಯಿತು. ರಕ್ಷಕರನ್ನೇ ರಕ್ಷಿಸುವ ಅಗತ್ಯದಿಂದ ಅಂಥ ತಂಡಗಳು ಹುಟ್ಟಿದವು ಎಂಬುದನ್ನು ಗಮನಿಸಿ. ನಮ್ಮಲ್ಲಿ ಪ್ರತಿ ವರ್ಷ ಏಪ್ರಿಲ್ 14ರಂದು ಅಗ್ನಿಶಾಮಕ ಸೇವಾ ದಿನ ಆಚರಿಸುವುದೂ 1944ರ ಮುಂಬಯಿ ಬಂದರಿನ ಸ್ಫೋಟದಲ್ಲಿ ಮಡಿದ ಅಗ್ನಿಶಾಮಕ ಸಿಬ್ಬಂದಿಯ ನೆನಪಿಗಾಗಿಯೇ.

ನಮ್ಮ ಜಿಲ್ಲೆಯದೇ ಉದಾಹರಣೆ ಬೇಕೆಂದರೆ ತುಂಗಭದ್ರೆಗೆ ಹೋಗೋಣ. 2019ರ ಆಗಸ್ಟ್‌ನಲ್ಲಿ ಜಲಾಶಯದಿಂದ ನೀರು ಬಿಟ್ಟಾಗ ಗಂಗಾವತಿ ತಾಲೂಕಿನ ವಿರೂಪಾಪುರ ಗಡ್ಡಿ ಸುತ್ತುವರಿದು ನಡುಗಡ್ಡೆಯಾಯಿತು. ವಿದೇಶಿಯರೂ ಸೇರಿ ನೂರಾರು ಪ್ರವಾಸಿಗರು ಅಲ್ಲಿ ಸಿಕ್ಕಿಕೊಂಡರು. (ಆ ರೆಸಾರ್ಟುಗಳು ಈಗಿಲ್ಲ, ಸರ್ವೋಚ್ಚ ನ್ಯಾಯಾಲಯದ ತೀರ್ಪಿನ ನಂತರ 2020ರಲ್ಲಿ ಅವನ್ನು ತೆರವು ಮಾಡಿದರು.) ರಕ್ಷಣೆಗೆಂದು ಹೋದ ದೋಣಿಯೊಂದೇ ಸೆಳವಿಗೆ ಸಿಕ್ಕಿ ಮಗುಚಿತು. ಪುಣ್ಯಕ್ಕೆ ಅದರಲ್ಲಿದ್ದವರು ಬದುಕಿ ಬಂದರು. ಕೆರೆಯಲ್ಲಿ ಈಜುವುದು ಬೇರೆ, ಬಂಡೆಗಳ ನಡುವೆ ನುಗ್ಗುವ ಹೊಳೆಯಲ್ಲಿ ದೋಣಿ ನಡೆಸುವುದು ಬೇರೆ. ಅದಕ್ಕೇ ಪ್ರತ್ಯೇಕ ತರಬೇತಿಯಿದೆ. ಮತ್ತು ಆ ಬಂಡೆಗಳು ಎಲ್ಲೆಲ್ಲಿವೆ ಎಂಬುದನ್ನು ಬಲ್ಲವರು ಆನೆಗೊಂದಿಯ ಹರಿಗೋಲಿನವರು. ಮಹಾಪೂರದಲ್ಲಿ ಹರಿಗೋಲು ಹಾಕಿರೆಂದು ನಾನು ಹೇಳುತ್ತಿಲ್ಲ, ಅದು ಆತ್ಮಹತ್ಯೆ. ಆದರೆ ಯಂತ್ರದ ದೋಣಿಯಲ್ಲಿ ತರಬೇತಿ ಪಡೆದವನ ಪಕ್ಕದಲ್ಲಿ ಹೊಳೆ ಬಲ್ಲವನೊಬ್ಬ ಕುಳಿತರೆ ಇಬ್ಬರ ವಿದ್ಯೆಯೂ ಕೂಡುತ್ತದೆ. 2023ರ ನವೆಂಬರಿನಲ್ಲಿ ಉತ್ತರಾಖಂಡದ ಸಿಲ್ಕ್ಯಾರಾ ಸುರಂಗದಲ್ಲಿ 41 ಕಾರ್ಮಿಕರು ಹದಿನೇಳು ದಿನ ಸಿಕ್ಕಿಕೊಂಡಿದ್ದಾಗ ಭಾರೀ ಯಂತ್ರ ಮುರಿದು ನಿಂತಿತು. ಕೊನೆಯ ಹತ್ತು-ಹನ್ನೆರಡು ಮೀಟರನ್ನು ಕೈಯಿಂದ ಕೊರೆದವರು ಇಲಿಬಿಲದಂಥ ಗಣಿಗಳಲ್ಲಿ ಕೆಲಸ ಮಾಡಿ ಪಳಗಿದ ಬಡ ಕೂಲಿಗಳು. ತಾಲೂಕು ಠಾಣೆಯಲ್ಲಿ ಅಂಥ ಕೈಗಳ ಪಟ್ಟಿಯೊಂದು ಸದಾ ಇರಬೇಕು. ಬಾವಿ ತೋಡುವವರು, ಕಲ್ಲು ಒಡೆಯುವವರು, ನಡುರಾತ್ರಿ ಕರೆದರೂ ಬರುವ ಹಿಟಾಚಿ ಚಾಲಕ, ಹೊಳೆ ಬಲ್ಲ ಅಂಬಿಗ, ಇವರ ಹೆಸರು, ಫೋನ್ ನಂಬರು ಗೋಡೆಯ ಮೇಲಿರಬೇಕು. ಇದಕ್ಕೆ ಬಜೆಟ್ಟೇ ಬೇಕಾಗಿಲ್ಲ!

ಬಜೆಟ್ ಎಂದಾಗ ಇನ್ನೊಂದು ಮಾತು. 2010ರ ಫೆಬ್ರುವರಿ 23ರಂದು ಬೆಂಗಳೂರಿನ ಕಾರ್ಲ್‌ಟನ್ ಟವರ್ಸ್‌ನಲ್ಲಿ ಬೆಂಕಿ ಬಿದ್ದು ಒಂಬತ್ತು ಜನ ಸತ್ತ ಮೇಲೆ ಎತ್ತರದ ಕಟ್ಟಡಗಳ ಬಗ್ಗೆ ಸರ್ಕಾರಕ್ಕೆ ಎಚ್ಚರವಾಯಿತು. ಇಂದು ತೊಂಬತ್ತು ಮೀಟರ್ ಎತ್ತರಕ್ಕೆ ಏರುವ ಏಣಿಯ ವಾಹನ ರಾಜಧಾನಿಯಲ್ಲಿದೆ. ಬೇಡವೆಂದು ನಾನು ಹೇಳುವುದಿಲ್ಲ. ನನ್ನ ಎಷ್ಟೋ ವಿದ್ಯಾರ್ಥಿಗಳು ಅಲ್ಲಿಯ ಹದಿನೈದನೆಯ ಅಂತಸ್ತಿನಲ್ಲಿ ಕೆಲಸ ಮಾಡುತ್ತೀರಿ, ನೀವು ಕ್ಷೇಮವಾಗಿರಬೇಕು. ಆದರೆ ಹೊಲದಲ್ಲಿ ಹದಿನಾರು ಅಡಿ ಕೆಳಗಿರುವ ಕೂಸಿಗೆ ಬೇಕಾದ ಕ್ಯಾಮರಾ, ಹಗ್ಗ, ಮುಕ್ಕಾಲಿಗಳ ಬೆಲೆ ಆ ಏಣಿಯ ಒಂದು ಮೆಟ್ಟಿಲಿನಷ್ಟೂ ಆಗಲಿಕ್ಕಿಲ್ಲ.

ಕಟ್ಟಡ ಕುಸಿತದ ವಿಷಯದಲ್ಲಿ ದೊಡ್ಡ ಪಡೆಗಳ ಅಗತ್ಯವನ್ನು ನಾನು ಪೂರ್ತಿ ಒಪ್ಪುತ್ತೇನೆ. 2019ರ ಮಾರ್ಚ್ 19ರಂದು ಧಾರವಾಡದ ಕುಮಾರೇಶ್ವರ ನಗರದಲ್ಲಿ ಕಟ್ಟುತ್ತಿದ್ದ ಬಹುಮಹಡಿ ಕಟ್ಟಡ ಬಿದ್ದು 19 ಜನ ತೀರಿಕೊಂಡರು. ಮೂರು ದಿನಗಳ ನಂತರವೂ ಅವಶೇಷಗಳಡಿಯಿಂದ ಕೆಲವರು ಜೀವಂತವಾಗಿ ಹೊರಬಂದರೆಂದರೆ ಅದು ವಿಶೇಷ ತಂಡಗಳ ಪರಿಣತಿಯೇ. ಅಂಥ ಯಂತ್ರೋಪಕರಣಗಳನ್ನು ಪ್ರತಿ ತಾಲೂಕಿನಲ್ಲೂ ಇಡಲಾಗದು. ತಾಲೂಕಿನ ತಂಡಕ್ಕೆ ನಾನು ಕೇಳುತ್ತಿರುವ ಕೆಲಸ ‘ಹಿಡಿದಿಡುವುದು’. ದೊಡ್ಡವರು ಬರುವವರೆಗೆ ಜೀವವನ್ನು ಇದ್ದಲ್ಲೇ ಹಿಡಿದಿಡುವುದು, ಗುಂಡಿಯನ್ನು ಸರಿಯಾದ ಜಾಗದಲ್ಲಿ ಆರಂಭಿಸುವುದು, ಜನರ ಕಾಲಿನಿಂದಲೂ ನಾಯಕರ ಭೇಟಿಯಿಂದಲೂ ಬಾವಿಯನ್ನು ಕಾಯುವುದು.

ಈ ಕೆಲಸಗಾರರ ಮನಸ್ಸನ್ನೂ ಯಾರಾದರೂ ನೋಡಿಕೊಳ್ಳಬೇಕು. 1987ರ ಅಕ್ಟೋಬರಿನಲ್ಲಿ ಅಮೆರಿಕದ ಟೆಕ್ಸಸ್‌ನ ಮಿಡ್‌ಲ್ಯಾಂಡ್‌ನಲ್ಲಿ ಹದಿನೆಂಟು ತಿಂಗಳ ಮಗುವನ್ನು ಎಂಟು ಅಂಗುಲದ ಬಾವಿಯಿಂದ 58 ಗಂಟೆಗಳ ನಂತರ ಜೀವಂತ ತೆಗೆದರು. ಸುರಂಗದೊಳಗೆ ಹೋಗಿ ಮಗುವನ್ನು ಬಿಡಿಸಿ ತಂದ ಸಿಬ್ಬಂದಿ ಕೆಲವು ವರ್ಷಗಳ ನಂತರ, 1995ರಲ್ಲಿ, ಆತ್ಮಹತ್ಯೆ ಮಾಡಿಕೊಂಡರು. ಗೆದ್ದವರ ಕಥೆಯೇ ಹೀಗಾದರೆ, ಎರಡು ರಾತ್ರಿ ಅಗೆದು ಕೊನೆಗೆ ತಣ್ಣನೆಯ ದೇಹವನ್ನು ತಾಯಿಯ ಕೈಗಿತ್ತು ಮರುದಿನ ಬಣವೆಯ ಬೆಂಕಿಗೆ ಓಡಬೇಕಾದ ನಮ್ಮ ಹುಡುಗರ ಪಾಡೇನು? ನನ್ನ ಆ ವಿದ್ಯಾರ್ಥಿ ಚಿತ್ರ ಬರೆದ ಹಾಳೆಯನ್ನು ಮಡಚುತ್ತಾ, ಅಂಥ ಒಂದು ಕರೆಯ ಬಗ್ಗೆ ಹೇಳತೊಡಗಿ, ಅರ್ಧಕ್ಕೇ ನಿಲ್ಲಿಸಿ ಚಹಾ ಕುಡಿದು ಎದ್ದುಬಿಟ್ಟ. ನಾನೂ ಒತ್ತಾಯಿಸಲಿಲ್ಲ.

ಇಷ್ಟೆಲ್ಲ ಬರೆದ ಮೇಲೆ, ಎಲ್ಲಕ್ಕಿಂತ ಅಗ್ಗದ ರಕ್ಷಣಾ ಕಾರ್ಯವನ್ನು ಹೇಳದೆ ಬಿಟ್ಟರೆ ಮೇಷ್ಟ್ರಾಗಿದ್ದು ದಂಡ. ಸರ್ವೋಚ್ಚ ನ್ಯಾಯಾಲಯ 2010ರಲ್ಲೇ ನಿಯಮಗಳನ್ನು ಕೊಟ್ಟಿದೆ. ಬೋರು ಹಾಕಿಸುವ ಹದಿನೈದು ದಿನ ಮೊದಲು ಲಿಖಿತವಾಗಿ ತಿಳಿಸಬೇಕು. ಕೆಲಸ ನಡೆಯುವಾಗ ಫಲಕವೂ ಮುಳ್ಳುತಂತಿಯ ಬೇಲಿಯೂ ಇರಬೇಕು. ಕೇಸಿಂಗ್ ಪೈಪಿನ ಸುತ್ತ ಅರ್ಧ ಮೀಟರು ಉದ್ದಗಲದ ಸಿಮೆಂಟ್ ಕಟ್ಟೆ, ಮೂವತ್ತು ಸೆಂಟಿಮೀಟರು ನೆಲದ ಮೇಲೆ, ಮೂವತ್ತು ನೆಲದೊಳಗೆ. ಬಾಯಿಗೆ ಬೆಸುಗೆ ಹಾಕಿದ ಉಕ್ಕಿನ ತಗಡು ಅಥವಾ ನಟ್ಟು-ಬೋಲ್ಟಿನ ಗಟ್ಟಿ ಮುಚ್ಚಳ. ಕೈಬಿಟ್ಟ ಬೋರನ್ನು ಮಣ್ಣು, ಮರಳು, ಕಲ್ಲುಗಳಿಂದ ತಳದಿಂದ ನೆಲದ ಮಟ್ಟದವರೆಗೆ ತುಂಬಬೇಕು. 2024ರಲ್ಲಿ ನಮ್ಮ ರಾಜ್ಯವೂ ಅಂತರ್ಜಲ ಕಾಯ್ದೆಗೆ ತಿದ್ದುಪಡಿ ತಂದು, ಮುಚ್ಚದೆ ಬಿಟ್ಟವರಿಗೆ ಜೈಲು ಮತ್ತು ದಂಡ ವಿಧಿಸಿತು. ಬೋರು ಕೊರೆಯುವಾಗ ಮೇಲೆ ಬಂದ ಪುಡಿಯೇ ಪಕ್ಕದಲ್ಲಿ ರಾಶಿ ಬಿದ್ದಿರುತ್ತದೆ. ಅದನ್ನೇ ಸಲಿಕೆಯಿಂದ ಒಳಗೆ ತಳ್ಳಿದರೆ ಅರ್ಧ ಕೆಲಸವಾದಂತೆ.

ನನ್ನ ವಿದ್ಯಾರ್ಥಿಗಳಲ್ಲಿ ಪಂಚಾಯಿತಿ ಸದಸ್ಯರಿದ್ದೀರಿ, ಬೋರ್‌ವೆಲ್ ಏಜೆಂಟರಿದ್ದೀರಿ, ಗ್ರಾಮ ಲೆಕ್ಕಾಧಿಕಾರಿಗಳಿದ್ದೀರಿ, ಊರಿನಲ್ಲಿ ಹೊಲವಿದ್ದು ಬೆಂಗಳೂರಿನಲ್ಲಿರುವವರಂತೂ ಬಹಳ ಜನ. ನಿಮ್ಮ ಪಾಲಿನ ಹೊಲದಲ್ಲಿ ಅಪ್ಪ ಹಾಕಿಸಿ ವಿಫಲವಾದ ಬೋರು ಎಲ್ಲಿದೆ ಎಂದು ಇಂದೇ ಊರಿಗೆ ಫೋನ್ ಮಾಡಿ ಕೇಳಿ. ಏಪ್ರಿಲ್ 14ರಿಂದ 20ರವರೆಗೆ ಅಗ್ನಿಶಾಮಕ ಸೇವಾ ಸಪ್ತಾಹ. ಠಾಣೆಗಳವರು ಶಾಲೆ, ಸಂತೆ, ಬಸ್ ನಿಲ್ದಾಣಗಳಲ್ಲಿ ಪ್ರದರ್ಶನ ಕೊಡುತ್ತಾರೆ. ಮಕ್ಕಳನ್ನು ಕರೆದುಕೊಂಡು ಹೋಗಿ. ನೀರು ಚಿಮ್ಮಿಸುವುದನ್ನು ನೋಡಿ ಚಪ್ಪಾಳೆ ತಟ್ಟಿದ ಮೇಲೆ ಠಾಣಾಧಿಕಾರಿಗಳನ್ನು ವಿನಯದಿಂದ ಕೇಳಿ: ಬಾವಿಗಿಳಿಸುವ ಕ್ಯಾಮರಾ ಇದೆಯೇ, ಉಸಿರಾಟದ ಸಾಧನ ಎಷ್ಟಿವೆ, ಮುಕ್ಕಾಲಿಯನ್ನು ಕೊನೆಯ ಸಲ ಬಿಚ್ಚಿದ್ದು ಯಾವಾಗ? ಅವರು ಕೊಟ್ಟ ಉತ್ತರವನ್ನು ನನಗೆ ಬರೆದು ತಿಳಿಸಿ. ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ನಾಲ್ಕೂ ಕಡೆಯಿಂದ ಬಂದರೆ, ಅವನ್ನೆಲ್ಲ ಒಂದು ಹಾಳೆಯಲ್ಲಿ ಬರೆದು ಜಿಲ್ಲಾಧಿಕಾರಿಗಳ ಕಚೇರಿಗೆ ನಾನೇ ಹೋಗಿ ಕೊಟ್ಟು ಬರುತ್ತೇನೆ. ಬಸ್ಸಿನಲ್ಲಿ ಹಿರಿಯ ನಾಗರಿಕರಿಗೆ ರಿಯಾಯಿತಿ ಇದೆ.